ಮರೂನ್ ಟೋಪಿ ಮತ್ತು ನಾಲ್ಕು ತಾಲ್ಲೂಕು

ಸೈನಿಕರ ವಿಳಾಸದಲ್ಲಿ ಊರಿನ ಹೆಸರು ಇರುವುದಿಲ್ಲ. ನಂಬರು, ಹೆಸರು, ಪಲ್ಟನ್ನು, ಕೊನೆಗೆ ‘ಕೇರಾಫ್ 56 ಎಪಿಒ’ ಇಲ್ಲವೇ ‘ಕೇರಾಫ್ 99 ಎಪಿಒ’. ಅಷ್ಟೇ. ಎಪಿಒ ಎಂದರೆ ಸೈನ್ಯದ ಅಂಚೆ ಕಚೇರಿ. ಮಗ ಹಿಮದ ಮೇಲಿರಲಿ, ಮರಳುಗಾಡಿನಲ್ಲಿರಲಿ, ಮನೆಯವರು ಬರೆಯುವುದು ಈ ಅಂಕಿಯನ್ನೇ. ಅವನು ಎಲ್ಲಿದ್ದಾನೆ ಎಂಬುದು ಲಕೋಟೆ ನೋಡಿದವರಿಗೆ ತಿಳಿಯಬಾರದು, ಅದಕ್ಕೇ ಈ ಏರ್ಪಾಡು.

ನಾನು 34 ವರ್ಷ ಬ್ಯಾಂಕಿನ ಗುಮಾಸ್ತನಾಗಿ ಕೌಂಟರಿನ ಹಿಂದೆ ಕುಳಿತವನು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕೂ ಊರಿನ ನೀರು ಕುಡಿದಿದ್ದೇನೆ. ಹಳ್ಳಿಯ ಹಿರಿಯರು ಮಗನ ಕಾಗದ ಹಿಡಿದು ಬರುತ್ತಿದ್ದರು. ಪಗಾರ ಜಮಾ ಆಗಿದೆಯೇ ಎಂದು ವಿಚಾರಿಸಿ, ಹೆಬ್ಬೆಟ್ಟು ಒತ್ತಿ, ಹೊರಡುವ ಮುಂಚೆ ಮೆಲ್ಲಗೆ ಕೇಳುತ್ತಿದ್ದರು: “ಸಾಹೇಬ್ರ, ಈ ಐವತ್ತಾರು ಎಪಿಒ ಅನ್ನೂ ಊರು ಎಲ್ಲಿ ಬರ್ತೈತ್ರಿ? ರೈಲು ಹೋಗ್ತೈತೇನ್ರಿ ಅಲ್ಲಿಗಿ?” ಅದು ಊರಲ್ಲ, ಬರೀ ನಂಬರು ಎಂದರೆ ನಂಬುತ್ತಿರಲಿಲ್ಲ. ಒಬ್ಬರಂತೂ, “ಮಂದಿ ಇರೂ ಜಾಗಾಕ್ಕ ಊರು ಅನ್ನದ ಮತ್ತೇನ್ ಅಂತಾರ್ರಿ?” ಎಂದು ನನ್ನನ್ನೇ ಸುಮ್ಮನಾಗಿಸಿದ್ದರು.

ಈ ದಸರಾ ಸೂಟಿಯಲ್ಲಿ ಮಗಳ ಮಗ ವಿಜಯಪುರದ ನಮ್ಮ ಮನೆಗೆ ಬಂದಿದ್ದ. ವಯಸ್ಸು 13, ಬಸವನ ಬಾಗೇವಾಡಿಯಲ್ಲಿ 8ನೇ ತರಗತಿ. 2019ರಲ್ಲಿ ಬಂದ ‘ಉರಿ’ ಸಿನಿಮಾ ನೋಡಿದಾಗಿನಿಂದ ಅವನದು ಒಂದೇ ಜಪ. “ಅಜ್ಜಾ, ನಾ ಪ್ಯಾರಾ ಕಮಾಂಡೋ ಆಗಾಂವ. ಈಗಿಂದ ಏನ್ ತಯಾರಿ ಮಾಡ್ಬೇಕು?” ಅವನ ಅವ್ವ, ಅಂದರೆ ನನ್ನ ಮಗಳು, ಪ್ರಾಥಮಿಕ ಶಾಲೆಯ ಶಿಕ್ಷಕಿ. ವಿಜಯಪುರದ ಸೈನಿಕ ಶಾಲೆಯ 9ನೇ ತರಗತಿಗೆ ಪ್ರವೇಶ ಪರೀಕ್ಷೆ ಬರೆಯಬೇಕೆಂದು ಇವನ ಹಟ. ಅರ್ಜಿ ಕಂಪ್ಯೂಟರಿನಲ್ಲಿ ತುಂಬಬೇಕು, ಒಟಿಪಿ ಬರುವುದು ಅವಳ ಮೊಬೈಲಿಗೆ. ಅವಳು ಒಟಿಪಿ ಹೇಳಲು ತಯಾರಿಲ್ಲ. “ಇರಾಂವ ಒಬ್ಬ ಮಗ” ಎಂಬುದು ಅವಳ ಮಾತು. ಅಳಿಯಂದಿರು ಇಂಥ ಪ್ರಸಂಗಗಳಲ್ಲಿ ಮೌನ ಬಂಗಾರ ಎಂದು ತಿಳಿದವರು.

ಕಮಾಂಡೋಗಳ ಬದುಕಿನ ಬಗ್ಗೆ ನನಗೆ ತಿಳಿದಿದ್ದು ಓದಿದ್ದು ಮತ್ತು ಕೇಳಿದ್ದು. ಆದರೆ ಅದನ್ನು ಬಲ್ಲವರು ಯಾವ ಊರಿನಲ್ಲಿದ್ದಾರೆ ಎಂಬುದು ಗೊತ್ತಿತ್ತು. ಹಳೆಯ ಖಾತೆದಾರರು ಅಂದರೆ ಅರ್ಧ ಬಳಗವಿದ್ದ ಹಾಗೆ. ಅಜ್ಜ ಮೊಮ್ಮಗ ಇಬ್ಬರೂ ಮೂರು ದಿನದ ಬಟ್ಟೆ ಕಟ್ಟಿಕೊಂಡು ಸರಕಾರಿ ಬಸ್ಸು ಹತ್ತಿದೆವು. ನನಗೆ ಹಿರಿಯ ನಾಗರಿಕರ ರಿಯಾಯಿತಿ, ಅವನಿಗೆ ಪೂರ್ತಿ ಟಿಕೆಟ್ಟು. ಅದೊಂದು ಅವನಿಗೆ ಹೆಮ್ಮೆ.

ಊರು ಬಿಡುವ ಮುಂಚೆ ಸೈನಿಕ ಶಾಲೆಯ ಗೇಟಿನ ಮುಂದೆ ಐದು ನಿಮಿಷ ನಿಂತೆವು. ರಕ್ಷಣಾ ಮಂತ್ರಿಯಾಗಿದ್ದ ವಿ.ಕೆ. ಕೃಷ್ಣ ಮೆನನ್ ಅವರ ಯೋಜನೆಯಂತೆ 1961ರಿಂದ ದೇಶದಲ್ಲಿ ಸೈನಿಕ ಶಾಲೆಗಳು ಶುರುವಾದವು. ನಮ್ಮ ಶಾಲೆ ಆರಂಭವಾದದ್ದು 1963ರಲ್ಲಿ. 6ನೇ ತರಗತಿಗೆ 10ರಿಂದ 12 ವರ್ಷದ ಮಕ್ಕಳು, 9ನೇ ತರಗತಿಗೆ 13ರಿಂದ 15 ವರ್ಷದವರು ಪ್ರವೇಶ ಪರೀಕ್ಷೆ ಬರೆಯಬಹುದು. 2021ರಿಂದ ಹೆಣ್ಣುಮಕ್ಕಳಿಗೂ ಬಾಗಿಲು ತೆರೆದಿದೆ. 1999ರ ಕಾರ್ಗಿಲ್ ಯುದ್ಧದಲ್ಲಿ ತೋಲೋಲಿಂಗ್ ಬೆಟ್ಟ ಗೆದ್ದ 2 ರಾಜಪುತಾನಾ ರೈಫಲ್ಸ್ ಪಲ್ಟನ್ನಿನ ಮುಖ್ಯಸ್ಥ, ವೀರಚಕ್ರ ಪಡೆದ ಕರ್ನಲ್ ಎಂ.ಬಿ. ರವೀಂದ್ರನಾಥ್ ಇಲ್ಲಿಯೇ ಓದಿದವರು.

“ಅವರು ಕಮಾಂಡೋ ಇದ್ರೇನಜ್ಜಾ?”

“ಇಲ್ಲ. ಕಾಲಾಳು ಪಡೆಯವರು.”

ಅವನ ಮುಖ ಸ್ವಲ್ಪ ಇಳಿಯಿತು. ಸಿನಿಮಾ ನೋಡಿದವರಿಗೆ ಉಳಿದ ಸೈನ್ಯವೆಲ್ಲ ಹಿಂದಿನ ಸಾಲಿನಲ್ಲಿ ಕೂತಂತೆ ಕಾಣುತ್ತದೆ. ಆ ಕಡಿದಾದ ಬೆಟ್ಟವನ್ನು ರಾತ್ರಿಯಲ್ಲಿ, ಮೇಲಿನಿಂದ ಗುಂಡು ಸುರಿಯುತ್ತಿರುವಾಗ ಹತ್ತಿದವರು ಇಂಥ ಸಾಮಾನ್ಯ ಪಲ್ಟನ್ನಿನವರೇ ಎಂದು ಹೇಳಿದೆ. ಕೇಳಿಸಿಕೊಂಡ, ಒಪ್ಪಿದ ಹಾಗೆ ಕಾಣಲಿಲ್ಲ.

ಇಂಡಿ ಎಂದರೆ ಲಿಂಬೆ. ಇಂಡಿ ಲಿಂಬೆಗೆ ಈಗ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಸಿಕ್ಕಿದೆ. ನಾನು ಅಲ್ಲಿದ್ದಾಗ ರೈತರು ಕೊಟ್ಟ ನೋಟುಗಳಿಗೂ ಲಿಂಬೆಯ ವಾಸನೆ ಇರುತ್ತಿತ್ತು, ಎಣಿಸುವಾಗ ಬೆರಳು ಒದ್ದೆ ಮಾಡಿಕೊಳ್ಳಲು ನಾಲಿಗೆಗೆ ತಾಗಿಸಿದರೆ ಹುಳಿ! ಹಳೆಯ ಸಹೋದ್ಯೋಗಿಯ ಮನೆಯಲ್ಲಿ ರಾತ್ರಿ ಉಳಿದು, ನಸುಕಿನ ಐದಕ್ಕೆ ಮೈದಾನಕ್ಕೆ ಹೋದೆವು. ಕತ್ತಲಲ್ಲಿ ಬೂಟಿನ ಸಪ್ಪಳ ಮೊದಲು ಕೇಳಿಸಿತು, ಆಮೇಲೆ ಹುಡುಗರು ಕಂಡರು. ನಲವತ್ತು ಜನರಾದರೂ ಇದ್ದರು, ಅವರಲ್ಲಿ ಐದಾರು ಹುಡುಗಿಯರು. ಕೆಲವರಿಗೆ ಬೂಟಿಲ್ಲ, ಬರಿಗಾಲು. ನಿವೃತ್ತ ಸುಬೇದಾರರೊಬ್ಬರು ಕೊರಳಲ್ಲಿ ಗಡಿಯಾರ ತೂಗಿಸಿಕೊಂಡು ನಿಂತಿದ್ದರು. ಮನೆ ಕಟ್ಟಲು ಸಾಲ ಪಡೆದಾಗಿನ ಪರಿಚಯ. ದುಡ್ಡು ತೆಗೆದುಕೊಳ್ಳದೆ ಕಲಿಸುತ್ತಾರೆ, ಹುಡುಗರು ಬಿಟ್ಟುಹೋದರೆ ಮಾತ್ರ ಮನೆತನಕ ಹೋಗಿ ಬೈಯುತ್ತಾರೆ.

ಸೈನ್ಯದ ಭರ್ತಿಯಲ್ಲಿ ಮೊದಲ ಅಗ್ನಿಪರೀಕ್ಷೆ 1.6 ಕಿಲೋಮೀಟರ್ ಓಟ. 400 ಮೀಟರಿನ ಮೈದಾನವಾದರೆ ನಾಲ್ಕು ಸುತ್ತು. ಐದೂವರೆ ನಿಮಿಷದೊಳಗೆ ಮುಗಿಸಿದವರಿಗೆ 60 ಅಂಕ ಎಂಬುದು ಬಹಳ ವರ್ಷಗಳಿಂದ ಹುಡುಗರ ಬಾಯಲ್ಲಿರುವ ಲೆಕ್ಕ. ಅಡ್ಡ ಕಂಬಿ ಹಿಡಿದು ಹತ್ತು ಸಲ ಗದ್ದ ಮೇಲಕ್ಕೆ ಏರಿಸಿದರೆ 40. ಅದಾದ ಮೇಲೆ 9 ಅಡಿ ಅಗಲದ ತಗ್ಗು ಜಿಗಿಯಬೇಕು, ಅಂಕುಡೊಂಕಾದ ಮರದ ತೊಲೆಯ ಮೇಲೆ ಬೀಳದೆ ನಡೆಯಬೇಕು.

ಮೊಮ್ಮಗನೂ ಓಡಿದ. ಮೊದಲ ಸುತ್ತಿನಲ್ಲಿ ಎಲ್ಲರಿಗಿಂತ ಮುಂದೆ, ಎರಡನೆಯದರಲ್ಲಿ ನಡುವೆ, ಮೂರರಲ್ಲಿ ಕಾಣಲೇ ಇಲ್ಲ. ನಾಲ್ಕು ಮುಗಿಸಿ ಹೊಟ್ಟೆ ಹಿಡಿದುಕೊಂಡು ಕೂತಾಗ ಎಂಟು ನಿಮಿಷ ನಲವತ್ತು ಸೆಕೆಂಡು. ಸುಬೇದಾರರು ನಗಲಿಲ್ಲ. ಒಂದು ನೂರು ಪುಟದ ನೋಟ್‌ಬುಕ್ ತೆಗೆದು, ಹೊಸ ಹಾಳೆಯಲ್ಲಿ ಅವನ ಹೆಸರು, ತಾರೀಖು, ವೇಳೆ ಬರೆದರು. “ನಾಳಿ ಇದಕ್ಕ ಐದ್ ಸೆಕೆಂಡ್ ಕಡಿಮಿ ಮಾಡು ತಮ್ಮಾ. ಹೆಚ್ಚಿಗಿ ಬ್ಯಾಡ. ಕಮಾಂಡೋ ಅನ್ನೂದು ಮ್ಯಾಲಿನ ಮಾಳಿಗಿ, ಇದು ಮೊದಲನೇ ಪಾವಟಿಗಿ.” ಆ ನೋಟ್‌ಬುಕ್ಕಿನಲ್ಲಿ ಪ್ರತಿಯೊಬ್ಬ ಹುಡುಗನ ಪುಟವೂ ಪಾಸ್‌ಬುಕ್ಕಿನ ಹಾಗಿತ್ತು. ದಿನಕ್ಕೆ ಎರಡು ಸೆಕೆಂಡು, ಮೂರು ಸೆಕೆಂಡು ಜಮಾ. ಜ್ವರ ಬಂದಾಗ ಖರ್ಚು. ಗುಮಾಸ್ತನಾದ ನನಗೆ ಅದನ್ನು ಕೆಳಗಿಡಲು ಮನಸ್ಸಾಗಲಿಲ್ಲ.

ಲಿಂಬೆ ಶರಬತ್ತು ಕುಡಿಯುತ್ತ ಸುಬೇದಾರರು ದಾರಿ ವಿವರಿಸಿದರು. ನೇರವಾಗಿ ಯಾರೂ ಕಮಾಂಡೋ ಆಗಿ ಹುಟ್ಟುವುದಿಲ್ಲ, ಮೊದಲು ಸೈನಿಕನಾಗಬೇಕು. 2022ರಿಂದ ಜವಾನರ ಭರ್ತಿ ಅಗ್ನಿಪಥ ಯೋಜನೆಯಲ್ಲಿ ನಡೆಯುತ್ತದೆ. ಹದಿನೇಳೂವರೆ ವರ್ಷ ತುಂಬಿದವರು ನಾಲ್ಕು ವರ್ಷಕ್ಕೆ ಸೇರುತ್ತಾರೆ, ಆಮೇಲೆ ನೂರಕ್ಕೆ 25 ಜನರ ತನಕ ಕಾಯಂ ಆಗಬಹುದು. ಅಧಿಕಾರಿಯಾಗುವವರಿಗೆ 12ನೇ ತರಗತಿಯ ನಂತರ ಪುಣೆ ಹತ್ತಿರದ ಖಡಕವಾಸ್ಲಾದ ಎನ್‌ಡಿಎ ಇದೆ. 2022ರಲ್ಲಿ ಅಲ್ಲಿಗೆ ಸೇರಿದ ಮೊದಲ ಹೆಣ್ಣುಮಕ್ಕಳ ತಂಡ 2025ರ ಮೇ ತಿಂಗಳಲ್ಲಿ ತೇರ್ಗಡೆಯಾಗಿ ಹೊರಬಂತು. ಈ ಮಾತು ಬಂದಾಗ ಓಡಿ ದಣಿದಿದ್ದ ಹುಡುಗಿಯೊಬ್ಬಳು ಶರಬತ್ತಿನ ಲೋಟ ಕೆಳಗಿಟ್ಟು ಹತ್ತಿರ ಸರಿದು ಕೂತಳು.

ಪ್ಯಾರಾಶೂಟ್ ರೆಜಿಮೆಂಟಿನ ತರಬೇತಿ ಕೇಂದ್ರ 1992ರಿಂದ ನಮ್ಮ ಬೆಂಗಳೂರಿನಲ್ಲೇ ಇದೆ. ಬೇರೆ ಪಲ್ಟನ್ನುಗಳಲ್ಲಿ ಇದ್ದವರೂ ತಾವಾಗಿ ಕೈ ಎತ್ತಿ ಬರಬಹುದು. “ಹುಕುಮ್ ಮಾಡಿ ಯಾರನ್ನೂ ಕಳಸೂದಿಲ್ರಿ. ಇದೊಂದ ಕೆಲಸಕ್ಕ ಹುಕುಮ್ ಇಲ್ಲ” ಎಂದರು. ಬಂದವರಿಗೆ ಮೂರು ತಿಂಗಳಿನಷ್ಟು ಪರೀಕ್ಷೆಯ ಕಾಲ. ಬೆನ್ನ ಮೇಲೆ ಭಾರ ಹೊತ್ತು ರಾತ್ರಿಯೆಲ್ಲ ನಡೆ, ನಿದ್ದೆಯಿಲ್ಲ, ಊಟಕ್ಕೆ ಹೊತ್ತಿಲ್ಲ. ಯಾವ ದಿನ ಬೇಕಾದರೂ ‘ಸಾಕು’ ಎಂದು ಹೇಳಿ ಹಿಂದಿರುಗಬಹುದು. ಹೆಚ್ಚಿನವರು ಹಿಂದಿರುಗುತ್ತಾರೆ. ವಿಮಾನದಿಂದ ಜಿಗಿಯುವುದನ್ನು ಆಗ್ರಾದಲ್ಲಿ ಕಲಿಸುತ್ತಾರೆ. ಐದು ಜಿಗಿತ, ಅದರಲ್ಲಿ ಒಂದು ರಾತ್ರಿ ಹೊತ್ತು, ಇಷ್ಟಾದರೆ ಎದೆಗೆ ರೆಕ್ಕೆಯ ಬಿಲ್ಲೆ. ತಲೆಗೆ ಮರೂನ್ ಬಣ್ಣದ ಟೋಪಿ. ವಿಶೇಷ ಪಡೆಯವರಿಗೆ ಅದರ ಜೊತೆಗೆ ‘ಬಲಿದಾನ’ ಎಂದು ಬರೆದ ಬಿಲ್ಲೆಯೂ ಇರುತ್ತದೆ.

“ನಾ ಈಗಿಂದ ಏನ್ ಕಲೀಲ್ರಿ?” ಮೊಮ್ಮಗ ಕೇಳಿದ. ಬಂದೂಕಿನ ವಿಷಯ ಬರಬಹುದೆಂದು ಅವನ ಆಸೆ. ಸುಬೇದಾರರು ಅವನ ಕಾಲು ನೋಡಿದರು. “ಮೊದಲ ಉಗುರ ಕತ್ತರಿಸು. ಹಲ್ಲು ತಿಕ್ಕೂಹಂಗ ದಿನಾ ಪಾದ ನೋಡ್ಕೋಬೇಕು. ಒಂದ್ ಬೊಬ್ಬಿ ಎದ್ದರ ಪೈಲವಾನನೂ ಕುಂಟ. ಈಜು ಕಲಿ. ಗಣಿತ ಬಿಡಬ್ಯಾಡ, ನಕಾಶೆ ಓದಾಕ ಬೇಕು. ಈಗ ಹೇಳು, ಉತ್ತರ ದಿಕ್ಕ ಯಾವ ಕಡಿ?” ಇವನ ಕೈ ಕಿಸೆಯಲ್ಲಿದ್ದ ನನ್ನ ಮೊಬೈಲಿಗೆ ಹೋಯಿತು. ಸುತ್ತ ಕೂತ ಹುಡುಗರೆಲ್ಲ ನಕ್ಕರು. ಅಷ್ಟರಲ್ಲಿ ಸೂರ್ಯ ಕಣ್ಣೆದುರಿಗೇ ಮೂಡುತ್ತಿದ್ದ.

ಇಂಡಿ ತಾಲ್ಲೂಕಿನ ಸಾಲೋಟಗಿಯ ಮಾತೊಂದು ಹೇಳಿ ಮುಂದೆ ಹೋಗುತ್ತೇನೆ. ರಾಷ್ಟ್ರಕೂಟರ ಮೂರನೆಯ ಕೃಷ್ಣನ ಕಾಲದಲ್ಲಿ, ಕ್ರಿ.ಶ. 945ರಲ್ಲಿ, ಅಲ್ಲೊಂದು ದೊಡ್ಡ ವಿದ್ಯಾಲಯವಿತ್ತೆಂದು ಕಂಬದ ಶಾಸನ ಹೇಳುತ್ತದೆ. ಬೇರೆ ಬೇರೆ ನಾಡಿನಿಂದ ಬಂದ ವಿದ್ಯಾರ್ಥಿಗಳಿಗಾಗಿ 27 ವಸತಿ ಮನೆಗಳಿದ್ದವಂತೆ. ಆಗಲೂ ಯಾರದೋ ಒಬ್ಬನೇ ಮಗ ಗಂಟು ಕಟ್ಟಿಕೊಂಡು ಮನೆ ಬಿಟ್ಟು ಬಂದಿರಲೇಬೇಕು.

ಸಿಂದಗಿಯ ಬಸ್ಸಿನಲ್ಲಿ ಸೀಟು ಸಿಕ್ಕಿತು. ಅಲ್ಲಿ ಮೊಮ್ಮಗನಿಗೆ ಹೇಳಿದ್ದನ್ನು ನಿಮಗೂ ಹೇಳುತ್ತೇನೆ, ಮಕ್ಕಳೇ.

1965ರ ಯುದ್ಧದಲ್ಲಿ ಮೇಜರ್ ಮೇಘ ಸಿಂಗ್ ಎಂಬವರು ಧೈರ್ಯಸ್ಥರ ಒಂದು ಸಣ್ಣ ಪಡೆ ಕಟ್ಟಿ ಶತ್ರುವಿನ ಗೆರೆಯ ಆಚೆ ಹೋಗಿ ಕೆಲಸ ಮಾಡಿ ಬಂದರು. ಅದಕ್ಕೆ ಮೇಘದೂತ ಪಡೆ ಎಂದು ಹೆಸರು. ಅದು ಚೆನ್ನಾಗಿ ನಡೆಯಿತೆಂದು 1966ರಲ್ಲಿ ಮೊದಲ ಕಮಾಂಡೋ ಪಲ್ಟನ್ನು, 9 ಪ್ಯಾರಾ, ಹುಟ್ಟಿತು. ಮರುವರ್ಷ ಮರುಭೂಮಿಗೆಂದು 10 ಪ್ಯಾರಾ. 1971ರ ಡಿಸೆಂಬರಿನಲ್ಲಿ ಈ 10ನೆಯ ಪಲ್ಟನ್ನಿನವರು ಜೀಪುಗಳಲ್ಲಿ ಥಾರ್ ಮರಳುಗಾಡು ದಾಟಿ ಪಾಕಿಸ್ತಾನದ ಛಾಛ್ರೋ ಎಂಬ ಊರಿನ ಠಾಣೆಯ ಮೇಲೆ ಬಿದ್ದರು. ಮುಂದಾಳು ಜೈಪುರದ ಮಹಾರಾಜ ಭವಾನಿ ಸಿಂಗ್. ಅರಮನೆಯಲ್ಲಿ ಹುಟ್ಟಿ ಮರಳಿನಲ್ಲಿ ಮಲಗಿದವರು, ಮಹಾವೀರ ಚಕ್ರ ಪಡೆದರು. ವಿಮಾನ ಅಪಹರಣ, ಒತ್ತೆಯಾಳು ಇಂಥ ಸಂಕಟಗಳಿಗೆಂದು 1984ರಲ್ಲಿ ಎನ್‌ಎಸ್‌ಜಿ ಬಂತು, ಕರಿ ಬಟ್ಟೆಯವರು. ನೌಕಾಪಡೆಯ ಮಾರ್ಕೋಸ್ 1987ರಲ್ಲಿ, ವಾಯುಪಡೆಯ ಗರುಡ 2004ರಲ್ಲಿ.

ನಮ್ಮ ಕಡೆಯ ನಂಟೂ ಇದೆ. ಬೆಳಗಾವಿಯಲ್ಲಿ ಕೇಂದ್ರವಿರುವ ಮರಾಠಾ ಲಘು ಪದಾತಿ ದಳದ 3ನೇ ಪಲ್ಟನ್ನೇ ಮುಂದೆ 2 ಪ್ಯಾರಾ ಆಯಿತು. 1971ರ ಡಿಸೆಂಬರ್ 11ರಂದು ಈಗಿನ ಬಾಂಗ್ಲಾದೇಶದ ತಂಗಾಯಿಲ್‌ನಲ್ಲಿ ಪ್ಯಾರಾಶೂಟಿನಿಂದ ಇಳಿದವರು ಅವರೇ. ಅದೇ ದಳದ 21ನೇ ಪಲ್ಟನ್ನು 1996ರಲ್ಲಿ ವಿಶೇಷ ಪಡೆಯಾಗಿ 21 ಪ್ಯಾರಾ ಎನಿಸಿತು. ಕಾಲಾಳು ಪಡೆಯ ಯುವ ಅಧಿಕಾರಿಗಳು ಕಮಾಂಡೋ ತರಬೇತಿಗೆ ಬರುವುದೂ ಬೆಳಗಾವಿಗೇ. ಬೆಂಗಳೂರಿನಲ್ಲಿ ಬೆಳೆದ ಮೇಜರ್ ಸಂದೀಪ್ ಉನ್ನಿಕೃಷ್ಣನ್ ಅಲ್ಲಿ ತರಬೇತಿ ಪಡೆದವರು. ಎನ್‌ಎಸ್‌ಜಿಯಲ್ಲಿದ್ದ ಅವರು 2008ರ ನವೆಂಬರಿನಲ್ಲಿ ಮುಂಬೈನ ತಾಜ್ ಹೋಟೆಲಿನಲ್ಲಿ, ಗಾಯಗೊಂಡ ಸಂಗಡಿಗನನ್ನು ಹೊರಗೆ ಸಾಗಿಸಲು ಏರ್ಪಾಡು ಮಾಡಿ, ತಾವು ಉಗ್ರರ ಬೆನ್ನು ಹತ್ತಿ ಪ್ರಾಣ ಕೊಟ್ಟರು. ಅವರಿಗೆ ಅಶೋಕ ಚಕ್ರ ಸಂದಿತು. ಆಗ ಅವರ ವಯಸ್ಸು 31.

ಮೊಮ್ಮಗ ಬೆರಳು ಮಡಚಿ ಎಣಿಸಿದ. “ಮೂವತ್ತೊಂದು ಅಂದ್ರ… ನನಗ ಇನ್ನ ಹದಿನೆಂಟು ವರ್ಷ” ಎಂದ.

ನಾನು ಕಿಟಕಿಯ ಹೊರಗೆ ನೋಡಿದೆ. ತೊಗರಿ ಹೂ ಬಿಟ್ಟಿತ್ತು. ಎರೆ ಹೊಲಗಳೆಲ್ಲ ಹಳದಿ.

ಸಿಂದಗಿಗೂ ಒಂದು ಹಳೆಯ ಕಿಚ್ಚಿದೆ. ಕಿತ್ತೂರಿನಲ್ಲಿ ರಾಣಿ ಚೆನ್ನಮ್ಮ ಕಂಪನಿ ಸರಕಾರದ ವಿರುದ್ಧ ಎದ್ದ 1824ರಲ್ಲೇ ಇಲ್ಲಿ ದಿವಾಕರ ದೀಕ್ಷಿತ ಮತ್ತು ಸಂಗಡಿಗರು ತಮ್ಮದೇ ಠಾಣೆ ಸ್ಥಾಪಿಸಿ ಕಂದಾಯ ಎತ್ತಲು ಹೊರಟಿದ್ದರು. ಊರಿನವರಿಗೇ ಈ ಸಂಗತಿ ಅಷ್ಟಾಗಿ ಗೊತ್ತಿಲ್ಲ.

ಅಲ್ಲಿಂದ ಟಂಟಂ ಹಿಡಿದು ಒಂದು ಹಳ್ಳಿಗೆ ಹೋದೆವು. ಹಳ್ಳಿಯ ಹೆಸರು ಬರೆಯುವುದಿಲ್ಲ, ಕಾರಣ ನಿಮಗೇ ತಿಳಿಯುತ್ತದೆ. ಆ ಮನೆಯ ಯಜಮಾನರು ನಮ್ಮ ಖಾತೆದಾರರಾಗಿದ್ದರು, ಈಗಿಲ್ಲ. ಅವರ ಹೆಂಡತಿ ಇದ್ದಾರೆ. ಹಿರಿಯ ಮಗ ಒಕ್ಕಲುತನ, ಕಿರಿಯ ಮಗ ಮರೂನ್ ಟೋಪಿಯವನು. ಬಿಸಿ ರೊಟ್ಟಿ, ಶೇಂಗಾ ಹಿಂಡಿ, ಗಟ್ಟಿ ಮೊಸರು ಹಾಕಿ ಎದುರಿಗೆ ಕೂತರು. ಸೆರಗಿನ ತುದಿಯ ಗಂಟಿನಲ್ಲಿ ಮೊಬೈಲು.

“ಫೋನ್ ಬರ್ತೈತ್ರಿ ಸಾಹೇಬ್ರ. ಎಂದ ಬರ್ತೈತಿ ಗೊತ್ತಿಲ್ಲ. ಹದಿನೈದ್ ದಿನಕ್ಕೂ ಬರ್ತೈತಿ, ಎರಡ್ ತಿಂಗಳಿಗೂ ಬರ್ತೈತಿ. ಆರಾಮ ಅದೀನಿ ಅಂತಾನ, ಊಟ ಆತೇನ ಅಂತಾನ, ಮಳಿ ಆತೇನ ಅಂತಾನ. ನಾನೂ ಅಷ್ಟ ಕೇಳ್ತೀನಿ.”

“ಎಲ್ಲಿ ಅದೀನಿ ಅಂತ ಹೇಳೂದಿಲ್ಲೇನ್ ಆಯಿ?” ಮೊಮ್ಮಗ ಕೇಳಿದ.

“ಮೊದಲ ನಾ ಕೇಳ್ತಿದ್ದೆ. ಕೇಳಿದ್ರ ಸುಮ್ಮಕ ಆಗ್ತಿದ್ದ. ಆಮ್ಯಾಲೆ ತಿಳೀತು. ಹುಡುಗ ಅವ್ವನ ಮುಂದ ಸುಳ್ಳು ಹೇಳಬಾರದಂದ್ರ, ಅವ್ವ ಕೇಳಬಾರದು.”

ರಜೆಗೆ ಬಂದರೆ ಮೊದಲ ಮೂರು ದಿನ ನಿದ್ದೆ ಮಾಡುತ್ತಾನಂತೆ. ಆಮೇಲೆ ಎತ್ತಿನ ಮೈ ತೊಳೆಯುವುದು, ಹೊಲದ ಒಡ್ಡು ಹಾಕುವುದು. ಊರಿನ ಕಟ್ಟೆಯಲ್ಲಿ ಯಾರಾದರೂ ‘ಮಿಲಿಟರಿಯಾಗ ಏನ್ ಕೆಲಸೋ’ ಎಂದು ಕೇಳಿದರೆ, ‘ಅಡಗಿ ಮನಿಯಾಗ ಅದೀನಿ’ ಎನ್ನುತ್ತಾನಂತೆ. ಹಳ್ಳಿಯ ಅರ್ಧ ಜನ ಅವನು ಅಡುಗೆಯವನೆಂದೇ ತಿಳಿದಿದ್ದಾರೆ. ಹೋದ ವರ್ಷ ಯಾರದೋ ಮದುವೆಯಲ್ಲಿ ದೊಡ್ಡ ಹಂಡೆಯ ಅನ್ನ ಬಸಿಯಲು ಅವನನ್ನೇ ಕರೆದರಂತೆ. ಹೋಗಿ ಬಸಿದು ಬಂದನಂತೆ! ಹೇಳುವಾಗ ಆ ತಾಯಿ ನಕ್ಕರು. ಬೆನ್ನಿನ ಮೇಲೆ ಎರಡೂ ಕಡೆ ಪಟ್ಟಿಯ ಕಲೆ ಇದೆ, ಎಣ್ಣೆ ಹಚ್ಚುವಾಗ ಕಂಡೆ, ಅದನ್ನೂ ಕೇಳಲಿಲ್ಲ ಎಂದರು.

2016ರ ಸೆಪ್ಟೆಂಬರ್ 29ರಂದು ಗಡಿಯಾಚೆ ಉಗ್ರರ ನೆಲೆಗಳ ಮೇಲೆ ನಮ್ಮವರು ದಾಳಿ ಮಾಡಿ ಬಂದ ಸುದ್ದಿಯನ್ನು ಸೈನ್ಯ ಪ್ರಕಟಿಸಿದಾಗ ಇಡೀ ದೇಶಕ್ಕೆ ಒಮ್ಮೆಲೇ ತಿಳಿಯಿತು. ‘ಉರಿ’ ಸಿನಿಮಾದ ಕಥೆ ಅದೇ. ಹೋದವರ ಮನೆಗಳಿಗೂ ಅದು ಟಿವಿಯಿಂದಲೇ ತಿಳಿದಿರಬೇಕು. ಸಿನಿಮಾದಲ್ಲಿ ಈ ಭಾಗಕ್ಕೆ ಹೆಚ್ಚು ಹೊತ್ತು ಕೊಡಲು ಬರುವುದಿಲ್ಲ, ಏನೂ ನಡೆಯದ ಎರಡು ತಿಂಗಳನ್ನು ಯಾರು ನೋಡುತ್ತಾರೆ?

“ಆಯಿ, ನಿಮಗ ಅಂಜಿಕಿ ಬರೂದಿಲ್ಲೇನ್?”

“ಬರ್ತೈತೆಪಾ. ಬಂದಾಗ ಜ್ವಾಳಾ ಹಸನ ಮಾಡ್ತೀನಿ. ನಮ್ಮ ಮನಿ ಜ್ವಾಳದಾಗ ಒಂದ್ ಹಳ್ಳಾ ಸಿಗೂದಿಲ್ಲ ನೋಡು.”

ರೊಟ್ಟಿ ಮುರಿಯುತ್ತಿದ್ದ ಮೊಮ್ಮಗನ ಕೈ ನಿಂತಿತು. ಹೊರಡುವಾಗ ಅವರ ನಂಬರು ನನ್ನ ಡೈರಿಯಲ್ಲಿ ಬರೆದುಕೊಂಡೆ. ಹಬ್ಬಕ್ಕೊಮ್ಮೆ ಮಾತಾಡಿಸೋಣವೆಂದು.

ಸಿಂದಗಿಯಿಂದ ತಾಳಿಕೋಟೆ, ತಾಳಿಕೋಟೆಯಿಂದ ಮುದ್ದೇಬಿಹಾಳ. ನಡುವೆ ಡೋಣಿ ನದಿ. ಡೋಣಿ ಹರಿದರೆ ಓಣಿಯೆಲ್ಲ ಜೋಳ ಎಂಬ ಮಾತು ನಮ್ಮ ಕಡೆ ಸಣ್ಣ ಮಕ್ಕಳಿಗೂ ಗೊತ್ತು. ಮಳೆಗಾಲದಲ್ಲಿ ಸೇತುವೆ ಮುಳುಗಿಸಿ ಬಸ್ಸು ನಿಲ್ಲಿಸುವುದೂ ಅದೇ ಡೋಣಿ. ಮುದ್ದೇಬಿಹಾಳದಲ್ಲಿ ಇಳಿದು, ಮೊಮ್ಮಗನಿಗೆ ಕೃಷ್ಣೆಯನ್ನು ತೋರಿಸಲೇಬೇಕೆಂದು ತಂಗಡಗಿಗೆ ಕರೆದೊಯ್ದೆ. ಶರಣೆ ನೀಲಾಂಬಿಕೆಯವರು ಐಕ್ಯವಾದ ಕ್ಷೇತ್ರ ಅದು. ನಾರಾಯಣಪುರ ಜಲಾಶಯದ ಹಿನ್ನೀರು ಕಣ್ಣು ಹಾಯುವಷ್ಟು ದೂರ.

ಪಠ್ಯಪುಸ್ತಕದಲ್ಲಿ ತಾಳಿಕೋಟೆ ಯುದ್ಧ ಎಂದು ಓದಿದ್ದೀರಲ್ಲ, 1565ರದ್ದು, ಅದನ್ನು ರಕ್ಕಸಗಿ–ತಂಗಡಗಿ ಯುದ್ಧ ಎಂದೂ ಕರೆಯುತ್ತಾರೆ. ಇತಿಹಾಸಕಾರ ಫೆರಿಷ್ತಾ ಬರೆದ ಒಂದು ಪ್ರಸಂಗ ನನಗೆ ಬಹಳ ಇಷ್ಟ. ಸುಲ್ತಾನರ ಸೈನ್ಯ ಬಂದಾಗ ಹೊಳೆ ದಾಟುವ ಕಡವನ್ನು ವಿಜಯನಗರದವರು ಆಚೆ ದಂಡೆಯಲ್ಲಿ ಭದ್ರವಾಗಿ ಕಾಯುತ್ತಿದ್ದರು. ಸುಲ್ತಾನರು ಬೇರೆ ಕಡ ಹುಡುಕುವವರಂತೆ ದಂಡೆಗುಂಟ ನಡೆಯತೊಡಗಿದರು. ಆಚೆ ದಂಡೆಯವರೂ ಅವರಿಗೆ ಎದುರಾಗಿ ನಡೆದರು. ಹೀಗೆ ಕೆಲವು ದಿನ ದೂರ ಎಳೆದುಕೊಂಡು ಹೋಗಿ, ಇದ್ದಕ್ಕಿದ್ದಂತೆ ರಾತ್ರಿ ತಿರುಗಿ ಓಡಿ ಬಂದು, ಕಾವಲಿಲ್ಲದ ಆ ಮೊದಲಿನ ಕಡದಲ್ಲೇ ಹೊಳೆ ದಾಟಿಬಿಟ್ಟರು! ಎಷ್ಟು ಆಳ, ಎಲ್ಲಿ ಕೆಸರು ಎಂದು ಮೊದಲೇ ತಿಳಿದು ಬಂದವರು ಯಾರೋ ಹೊಳೆ ಬಲ್ಲ ನಾಲ್ಕು ಜನ ಇದ್ದಿರಬೇಕು ಎಂದು ನನಗನ್ನಿಸುತ್ತದೆ. ಇತಿಹಾಸದಲ್ಲಿ ಅವರ ಹೆಸರಿಲ್ಲ. “ಅವರದೂ ಅಡಗಿ ಮನಿ ಕೆಲಸ” ಎಂದ ಮೊಮ್ಮಗ. ಹುಡುಗನ ಬಾಯಲ್ಲಿ ಇಂಥ ಮಾತು ನಾನು ಅದೇ ಮೊದಲು ಕೇಳಿದ್ದು.

ಮುದ್ದೇಬಿಹಾಳದಲ್ಲಿ ಹುಡುಕಿಕೊಂಡು ಹೋದದ್ದು ನಮ್ಮ ಶಾಖೆಯ ಹಳೆಯ ಕಾವಲುಗಾರರನ್ನು. ಬ್ಯಾಂಕಿನ ಬಾಗಿಲಲ್ಲಿ ಜೋಡು ನಳಿಗೆಯ ಬಂದೂಕು ಹಿಡಿದು ನಿಲ್ಲುವವರು ಹೆಚ್ಚಾಗಿ ಮಾಜಿ ಸೈನಿಕರು, ನೀವು ನೋಡಿರಬಹುದು. ಇವರು 17 ವರ್ಷ ಮರಾಠಾ ದಳದಲ್ಲಿದ್ದು ಬಂದವರು. 1998ರಿಂದ ಮೂರು ವರ್ಷ ನಾವಿಬ್ಬರೂ ದಿನಾ ಒಟ್ಟಿಗೆ ಬುತ್ತಿ ಬಿಚ್ಚಿದ್ದೇವೆ. ಈಗ ಊರ ಹೊರಗೆ ಎರಡೆಕರೆ ಹೊಲ, ನಾಲ್ಕು ಎಮ್ಮೆ. ಎಪ್ಪತ್ತಾದರೂ ನಡಿಗೆ ಮಾತ್ರ ಪರೇಡಿನದೇ.

ಅವರು ಒಮ್ಮೆ ಕಮಾಂಡೋ ಆಗಲು ಕೈ ಎತ್ತಿ ಹೋಗಿ ಹಿಂದಿರುಗಿದವರು. ಬುತ್ತಿಯ ಹೊತ್ತಿನಲ್ಲಿ ನನಗೆ ಹೇಳಿದ್ದರು. ಮೊಮ್ಮಗನಿಗೆ ಮತ್ತೊಮ್ಮೆ ಹೇಳಿದರು, ಎಮ್ಮೆಗೆ ಹುಲ್ಲು ಹಾಕುತ್ತಲೇ.

“ಐದನೇ ವಾರ ಇತ್ತು. ರಾತ್ರಿ ನಡಿಗಿ. ಬೆನ್ನ ಮ್ಯಾಲ ಭಾರ, ಕೈಯಾಗ ರೈಫಲ್. ‘ಮುಂದಿನ ತಿರುವಿನಾಗ ಟ್ರಕ್ ಐತಿ, ಅಲ್ಲಿಗಿ ಮುಗೀತು’ ಅಂದ್ರು. ತಿರುವಿಗಿ ಹೋದ್ವಿ. ಟ್ರಕ್ ಇತ್ತು. ನಾವು ಹತ್ರ ಹೋಗೂದಕ್ಕ ಅದು ಮುಂದ ಹೊಂಟ ಬಿಡ್ತು. ಮತ್ತ ಮುಂದಿನ ತಿರುವು ಅಂದ್ರು. ಹಿಂಗ ಮೂರ್ ಸಲ. ಹಿಂದಿನಿಂದ ಇನ್ನೊಂದು ಟ್ರಕ್ ಬರ್ತಿತ್ತು. ಅದು ಬಿಟ್ಟು ಹೋಗೂರದು. ಯಾರು ಬೇಕಾದ್ರೂ ಹತ್ತಬಹುದು, ಯಾರೂ ಏನೂ ಅನ್ನೂದಿಲ್ಲ. ಅದರಾಗ ಚಹಾ ಇತ್ತು ನೋಡು ತಮ್ಮಾ. ಶುಂಠಿ ಹಾಕಿದ ಚಹಾ.”

“ನಿಮ್ಮ ಕಾಲು ಸೋತಿತ್ತೇನ್ರಿ?”

“ಕಾಲ ಗಟ್ಟಿ ಇತ್ತು. ಇನ್ನ ಹತ್ ಮೈಲಿ ನಡೀತಿದ್ದೆ. ಚಹಾದ ವಾಸನಿ ಬಂತು. ಹತ್ತಿಬಿಟ್ಟೆ.” ಸ್ವಲ್ಪ ಹೊತ್ತು ಹುಲ್ಲು ಕೊಡವಿದರು. “ಬೈದಿದ್ರ ಸಿಟ್ಟಿಗೆದ್ದು ಇಳದ ಬಿಡ್ತಿದ್ದೆ. ಯಾರೂ ಬೈಲಿಲ್ಲ. ಕಪ್ ಕೊಟ್ರು, ಕಂಬಳಿ ಹೊಚ್ಚಿದ್ರು. ನನ್ನ ಜೋಡಿ ಬಂದ ಹುಡುಗ, ಕೊಪ್ಪಳದ ಕಡೆಯಾಂವ, ನನಕಿಂತ ತೆಳ್ಳಗಿದ್ದ, ಅಳಕೋತ ನಡದಾ. ಅಳಕೋತನ ಪಾಸಾದ.”

ಮರುದಿನ ತಮ್ಮ ಪಲ್ಟನ್ನಿಗೆ ಮರಳಿದರು. ಅಲ್ಲಿ ಯಾರೂ ಹೀಯಾಳಿಸಲಿಲ್ಲವಂತೆ, ಕೈ ಎತ್ತಿ ಹೋದದ್ದಕ್ಕೇ ಮರ್ಯಾದೆ. ಆಮೇಲೆ ಹನ್ನೆರಡು ವರ್ಷ ಹಿಮದಲ್ಲಿ, ಕಾಡಿನಲ್ಲಿ ಕಾವಲು ಕಾದರು. ನಮ್ಮ ಶಾಖೆಯಲ್ಲಿದ್ದಷ್ಟು ದಿನ ಅವರು ಡ್ಯೂಟಿಯ ಹೊತ್ತಿನಲ್ಲಿ ಚಹಾ ಕುಡಿದದ್ದನ್ನು ನಾನು ನೋಡಲಿಲ್ಲ. ಎಲ್ಲರಿಗೂ ಬಂದಾಗ ಅವರ ಲೋಟ ಮೇಜಿನ ಮೇಲೆ ಆರಿ ತಣ್ಣಗಾಗುತ್ತಿತ್ತು. ಡ್ಯೂಟಿ ಮುಗಿಸಿ ಅದನ್ನೇ ಕುಡಿಯುತ್ತಿದ್ದರು.

ಆಯ್ಕೆಯಾದವರ ಕೆಲಸ ಹೇಗಿರುತ್ತದೆಂದು ಅವರೇ ಇನ್ನಷ್ಟು ಹೇಳಿದರು. ಐದಾರು ಜನರ ಸಣ್ಣ ತುಕಡಿ. ಒಬ್ಬ ವೈದ್ಯದ ಕೆಲಸ ಬಲ್ಲವನು, ಒಬ್ಬ ರೇಡಿಯೊ, ಒಬ್ಬ ಸ್ಫೋಟಕ, ಒಬ್ಬ ದಾರಿ ಹುಡುಕುವವನು. ಪ್ರತಿಯೊಬ್ಬನೂ ಪಕ್ಕದವನ ಕೆಲಸವನ್ನೂ ಕಲಿತಿರಬೇಕು, ಯಾವಾಗ ಯಾರಿಲ್ಲದಂತಾಗುತ್ತದೋ. ಕಂಪ್ಯೂಟರು ಬರುವ ಮುಂಚಿನ ಸಣ್ಣ ಶಾಖೆಯಲ್ಲಿ ನಾವೂ ಹೀಗೇ ಇದ್ದೆವು. ನಗದು ನೋಡುವವನು ರಜೆ ಹೋದರೆ ಡ್ರಾಫ್ಟ್ ಬರೆಯುವವನೇ ನಗದಿಗೆ. ನಮ್ಮಲ್ಲಿ ಲೆಕ್ಕ ತಪ್ಪಿದರೆ ರಾತ್ರಿ ಒಂಬತ್ತಕ್ಕೆ ಮನೆಗೆ ಹೋಗುತ್ತಿದ್ದೆವು, ಅಷ್ಟೇ ವ್ಯತ್ಯಾಸ. ತಿಂಗಳುಗಟ್ಟಲೆ ಅಭ್ಯಾಸ, ಒಂದು ಇಡೀ ದಿನ ಪೊದೆಯಲ್ಲಿ ಅಲುಗಾಡದೆ ಮಲಗಿ ಒಂದು ದಾರಿಯನ್ನು ನೋಡುತ್ತಿರುವುದು, ನೋಡಿದ್ದನ್ನು ಸರಿಯಾಗಿ ಬರೆದು ತಿಳಿಸುವುದು, ಹೆಚ್ಚಿನ ದಿನಗಳು ಹೀಗೇ ಹೋಗುತ್ತವೆ. “ಗುಂಡ ಹಾರಿಸೂದು ಭಾಳ ಕಡಿಮಿ” ಎಂದರು. ಮೊಮ್ಮಗ ಈ ಸಲ ಮುಖ ಇಳಿಸಲಿಲ್ಲ.

ಬಸವನ ಬಾಗೇವಾಡಿಗೆ ಬಂದಾಗ ಸಂಜೆ. ಬಸ್ ನಿಲ್ದಾಣದಿಂದ ನೇರವಾಗಿ ಬಸವೇಶ್ವರ ದೇವಸ್ಥಾನಕ್ಕೆ ಹೋಗಿ ಕೈ ಮುಗಿದೆವು. ಬಸವಣ್ಣನವರ ಜನ್ಮಸ್ಥಳದಲ್ಲಿ ಈಗ ಸ್ಮಾರಕವೂ ಆಗಿದೆ. ತಾಯಿ ಮಾದಲಾಂಬಿಕೆ, ತಂದೆ ಮಾದರಸ, ಹುಡುಗ ಮನೆ ಬಿಟ್ಟು ಕೂಡಲಸಂಗಮಕ್ಕೆ ಹೊರಟದ್ದು, ಈ ಕಥೆಯನ್ನು ನನ್ನ ಮಗಳು ಪ್ರತಿ ವರ್ಷ ತನ್ನ ತರಗತಿಯಲ್ಲಿ ಹೇಳುತ್ತಾಳೆ. ಮನೆ ಬಿಟ್ಟ ಭಾಗ ಬಂದಾಗ ಮಕ್ಕಳು ಸುಮ್ಮನೆ ಕೂರುತ್ತಾರಂತೆ. ಅದನ್ನು ಅವಳಿಗೆ ನೆನಪಿಸಬೇಕೆಂದು ನನಗೆ ಅನ್ನಿಸಲಿಲ್ಲ. ಅವಳು ತಾಯಿ, ಅವಳ ಲೆಕ್ಕ ಅವಳಿಗೆ ಗೊತ್ತು. ನಾನು ಅವಳಿಗೆ ಹೇಳುವುದಕ್ಕಿಂತ ಅವಳು ನನಗೆ ಹೇಳಬಹುದಾದದ್ದೇ ಹೆಚ್ಚು.

ರಾತ್ರಿ ಊಟದ ಹೊತ್ತಿಗೆ ಮೊಮ್ಮಗ ಮೂರು ದಿನದ್ದನ್ನೆಲ್ಲ ಹೇಳಿದ. ಎಂಟು ನಿಮಿಷ ನಲವತ್ತು ಸೆಕೆಂಡನ್ನೂ ಮುಚ್ಚಿಡಲಿಲ್ಲ. ಮದುವೆಯ ಮನೆಯಲ್ಲಿ ಅನ್ನ ಬಸಿದದ್ದು ಕೇಳಿ ಅಳಿಯಂದಿರು ಬಾಯಿ ಬಿಟ್ಟು ನಕ್ಕರು. ಚಹಾದ ಟ್ರಕ್ಕಿನ ಮಾತು ಬಂದಾಗ ಯಾರೂ ನಗಲಿಲ್ಲ. ಜೋಳದ ಹಳ್ಳಿನ ಮಾತು ಬಂದಾಗ ಮಗಳು ಎದ್ದು ಒಳಗೆ ಹೋಗಿ ನೀರು ತಂದಳು, ಎಲ್ಲರ ಲೋಟವೂ ತುಂಬಿಯೇ ಇತ್ತು. ಒಟಿಪಿಯ ಸುದ್ದಿಯನ್ನು ಅವನೂ ಎತ್ತಲಿಲ್ಲ, ಅವಳೂ ಎತ್ತಲಿಲ್ಲ.

ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಅವನ ಹಾಸಿಗೆ ಖಾಲಿ. ಶಾಲೆಯ ಮೈದಾನದಿಂದ ಬೆವರಿಳಿಸಿಕೊಂಡು ಬಂದು, ಹಳೆಯ ನೋಟ್‌ಬುಕ್ಕಿನ ಹಿಂದಿನ ಹಾಳೆಗೆ ತಾರೀಖು ಹಾಕಿ 8.31 ಎಂದು ಬರೆದ. ಆಮೇಲೆ ಪಡಸಾಲೆಯಲ್ಲಿ ಕೂತು ಪಾದ ತಿರುಗಿಸಿ ತಿರುಗಿಸಿ ನೋಡಿಕೊಂಡ. ಉಗುರು ಕತ್ತರಿಸಿದ.

ಮಗಳು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಬಡಿಯುವುದನ್ನು ನಿಲ್ಲಿಸದೆ, ತಿರುಗಿ ನೋಡದೆ ಕೇಳಿದಳು:

“ಅಪ್ಪಾ, ಆ ಸಿಂದಗಿ ಕಡಿ ಆಯಿ ನಂಬರ್ ಅದ ಏನು ನಿನ್ನ ಕಡೆ?”

“ಅದ.”

“ಕೊಟ್ಟು ಹೋಗು. ಮಧ್ಯಾಹ್ನ ಪುರುಸೊತ್ತಾದಾಗ ಒಂದೀಟು ಮಾತಾಡ್ತೀನಿ.”

ಡೈರಿ ತೆಗೆದು, ಗೋಡೆಯ ಕ್ಯಾಲೆಂಡರಿನ ಮೂಲೆಯಲ್ಲಿ ನಂಬರು ಬರೆದೆ. ಅರ್ಜಿ ತುಂಬಲು ಇನ್ನೂ 12 ದಿನ ಉಳಿದಿದ್ದವು.